ಆಫ್‌ರೋಡ್ ಗಾಡಿಗೆ ಯಾವ ಆಕ್ಸೆಸರಿ ಬೇಕು, ಯಾವುದು ಬೇಡ? ಎರೆಮಣ್ಣಿನ ದಾರಿಗೊಂದು ಲೆಕ್ಕಾಚಾರ

ಮಳೆಗಾಲ ಶುರುವಾದರೆ ಸಾಕು, ವಾಟ್ಸಾಪ್ ಗ್ರೂಪುಗಳಲ್ಲಿ 4×4 ಗಾಡಿಗಳ ವಿಡಿಯೊ ಹರಿದಾಡತೊಡಗುತ್ತವೆ. ಸ್ನಾರ್ಕಲ್ ಹಾಕಿಸಿದರೆ ಯಾವ ಹಳ್ಳವನ್ನಾದರೂ ದಾಟಬಹುದು, ಬುಲ್ ಗಾರ್ಡ್ ಇದ್ದರೆ ಅಪಘಾತದಲ್ಲಿ ಏನೂ ಆಗುವುದಿಲ್ಲ, ದೊಡ್ಡ ಟಯರ್ ಇದ್ದರೆ ಕೆಸರು ಲೆಕ್ಕಕ್ಕೇ ಇಲ್ಲ ಎಂಬ ಮಾತುಗಳು ಅವುಗಳ ಜೊತೆಗೇ ಬರುತ್ತವೆ. ಹೊಸ ಥಾರ್, ಜಿಮ್ನಿ, ಬೊಲೆರೊ, ಸ್ಕಾರ್ಪಿಯೊ ಕೊಂಡವರು ಇದನ್ನು ನಂಬಿ ಶೋರೂಮಿನಿಂದ ನೇರವಾಗಿ ಆಕ್ಸೆಸರಿ ಅಂಗಡಿಗೆ ಹೋಗುತ್ತಾರೆ. ಸಾವಿರಾರು ರೂಪಾಯಿ ಖರ್ಚಾಗುತ್ತದೆ. ಗಾಡಿ ನಿಜವಾಗಿ ಹೂತುಕೊಂಡ ದಿನ ಬೇಕಾಗುವ ವಸ್ತು ಮಾತ್ರ ಡಿಕ್ಕಿಯಲ್ಲಿ ಇರುವುದಿಲ್ಲ.

ಈ ಲೇಖನದಲ್ಲಿ ನಾವು ಬೀದರ್ ಜಿಲ್ಲೆಯ ಹುಮನಾಬಾದ, ಮಾಣಿಕನಗರ, ಬಸವಕಲ್ಯಾಣದ ಸುತ್ತಲಿನ ದಾರಿಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು, ಯಾವ ಆಕ್ಸೆಸರಿ ಕೆಲಸಕ್ಕೆ ಬರುತ್ತದೆ, ಯಾವುದು ಬರೀ ಅಲಂಕಾರ, ಯಾವುದು ಅಪಾಯ ಎಂದು ನೋಡೋಣ. ಕಲಬುರಗಿ, ವಿಜಯಪುರ, ಧಾರವಾಡ ಕಡೆಯ ಎರೆಭೂಮಿಯವರಿಗೂ ಇದು ಹೆಚ್ಚುಕಡಿಮೆ ಹಾಗೆಯೇ ಅನ್ವಯಿಸುತ್ತದೆ.

ಮೊದಲು ಚುಟುಕಾಗಿ ಉತ್ತರ

• ಮೊದಲು ಕೊಳ್ಳಬೇಕಾದವು: ಟಯರ್ ಗಾಳಿ ಅಳೆಯುವ ಗೇಜ್, ಸಣ್ಣ ಏರ್ ಕಂಪ್ರೆಸರ್, ಪಂಕ್ಚರ್ ಕಿಟ್, ಒಳ್ಳೆಯ ಎಳೆಯುವ ಪಟ್ಟಿ, ಸಲಿಕೆ, ಟಾರ್ಚ್, ಬೆಂಕಿ ನಂದಿಸುವ ಸಿಲಿಂಡರ್.
• ಯೋಚಿಸಿ ಕೊಳ್ಳಬೇಕಾದವು: ಆಲ್-ಟೆರೇನ್ ಟಯರ್, ಎಂಜಿನ್ ಕೆಳಗಿನ ರಕ್ಷಣಾ ತಗಡು, ರಿಕವರಿ ಬೋರ್ಡ್.
• ಬೇಡವಾದವು: ಬುಲ್ ಗಾರ್ಡ್, ಕಣ್ಣು ಕುಕ್ಕುವ ಲೈಟ್ ಬಾರ್, ಅಳತೆ ಮೀರಿದ ಟಯರ್, ಗಾಡಿಯ ಮೇಲೆ ಕಟ್ಟುವ ಪೆಟ್ರೋಲ್ ಕ್ಯಾನ್.
• ಹರಿಯುವ ನೀರನ್ನು ದಾಟಿಸುವ ಆಕ್ಸೆಸರಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಗಾಡಿಗಿಂತ ಮೊದಲು ಮಣ್ಣು ನೋಡಿ

ಆಫ್‌ರೋಡ್ ವಿಡಿಯೊಗಳಲ್ಲಿ ಹೆಚ್ಚಿನವು ರಾಜಸ್ಥಾನದ ಮರಳು, ಲಡಾಖಿನ ಕಲ್ಲು, ಇಲ್ಲವೇ ಕೊಡಗು, ಸಕಲೇಶಪುರದ ಕಾಡುದಾರಿಯವು. ಅಲ್ಲಿ ಬೇಕಾಗುವ ವಸ್ತು ಇಲ್ಲಿ ಬೇಕಾಗಬೇಕೆಂದಿಲ್ಲ.

ಹುಮನಾಬಾದ ಮತ್ತು ಬಸವಕಲ್ಯಾಣ ದಖ್ಖನ್ ಪ್ರಸ್ಥಭೂಮಿಯಲ್ಲಿವೆ. ಲಾವಾ ಗಟ್ಟಿಯಾಗಿ ಆದ ಕಪ್ಪು ಬಸಾಲ್ಟ್ ಕಲ್ಲು ಸವೆದು ಇಲ್ಲಿ ಎರೆಮಣ್ಣಾಗಿದೆ. ಕೆಲವು ಕಡೆ, ಮುಖ್ಯವಾಗಿ ಬೀದರ್ ನಗರದ ಸುತ್ತಲಿನ ಎತ್ತರದ ಭಾಗದಲ್ಲಿ, ಕೆಂಪು ಜಂಬಿಟ್ಟಿಗೆ ಮಣ್ಣಿದೆ. ಈ ಎರಡೂ ಮಣ್ಣು ಮಳೆಯಲ್ಲಿ ತದ್ವಿರುದ್ಧವಾಗಿ ವರ್ತಿಸುತ್ತವೆ. ಜಂಬಿಟ್ಟಿಗೆ ಮತ್ತು ಮೊರಂ ದಾರಿ ನೀರನ್ನು ಬೇಗ ಬಸಿದುಕೊಳ್ಳುತ್ತದೆ, ಮಳೆ ನಿಂತ ಸ್ವಲ್ಪ ಹೊತ್ತಿಗೆ ಗಾಡಿಯ ಭಾರ ತಡೆಯುತ್ತದೆ. ಎರೆಮಣ್ಣು ಹಾಗಲ್ಲ.

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜಾತಿಯ ಜೇಡಿ ಹೆಚ್ಚು. ಇದರ ಕಣಗಳು ತೆಳುವಾದ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟ ಹಾಗೆ ಇರುತ್ತವೆ. ನೀರು ಆ ಹಾಳೆಗಳ ನಡುವೆ ಸೇರಿಕೊಂಡು ಮಣ್ಣು ಉಬ್ಬುತ್ತದೆ. ಒಣಗಿದಾಗ ನೀರು ಹೊರಹೋಗಿ ಕುಗ್ಗುತ್ತದೆ, ಬೇಸಿಗೆಯಲ್ಲಿ ಹೊಲ ಬಿರುಕು ಬಿಡುವುದು ಇದರಿಂದಲೇ. ಒದ್ದೆ ಎರೆಮಣ್ಣು ಚಕ್ರಕ್ಕೆ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತದೆ. ಟಯರಿನ ಗೆರೆಗಳೆಲ್ಲ ತುಂಬಿಹೋಗಿ ಎಂಥ ಟಯರ್ ಆದರೂ ಗೆರೆ ಸವೆದ ಟಯರಿನಂತೆ ಜಾರುತ್ತದೆ. ಮಡ್‌ಗಾರ್ಡ್ ಒಳಗೂ ಮಣ್ಣು ತುಂಬಿ ಚಕ್ರ ತಿರುಗುವುದೇ ನಿಲ್ಲುವುದುಂಟು. ಎತ್ತಿನ ಗಾಡಿಯ ಕಾಲದಿಂದಲೂ ಇಲ್ಲಿನ ರೈತರಿಗೆ ಇದು ಗೊತ್ತು. ಮಳೆ ಬಿದ್ದ ದಿನ ಅವರು ಗಾಡಿ ಹೊಲಕ್ಕೆ ಇಳಿಸುವುದಿಲ್ಲ.

ಇನ್ನೆರಡು ಸ್ಥಳೀಯ ಸಂಗತಿ. ಒಂದು, ಮುಳ್ಳು. ದಾರಿಬದಿಯ ಬಳ್ಳಾರಿ ಜಾಲಿಯ ಮುಳ್ಳು ಮತ್ತು ಕೊಯ್ದ ತೊಗರಿ ಹೊಲದ ಚೂಪಾದ ಕೂಳೆ ಟಯರಿಗೆ ಚುಚ್ಚುತ್ತವೆ. ಇನ್ನೊಂದು, ಹಳ್ಳಗಳು. ಮುಲ್ಲಾಮಾರಿ, ಕಾರಂಜಾ, ಚುಳಕಿ ನಾಲಾ ಮತ್ತು ಇವುಗಳಿಗೆ ಸೇರುವ ಸಣ್ಣ ಹಳ್ಳಗಳು ವರ್ಷದ ಬಹುಪಾಲು ದಿನ ಸುಮ್ಮನಿದ್ದು, ಮೇಲೆ ಎಲ್ಲೋ ಜೋರು ಮಳೆಯಾದರೆ ಕೆಲವೇ ತಾಸಿನಲ್ಲಿ ತುಂಬಿ ಬರುತ್ತವೆ. ಕೆಳಮಟ್ಟದ ಸೇತುವೆಯ ಮೇಲೆ ನೀರು ಹರಿಯುವುದು ಆಗಲೇ.

ಹೀಗಾಗಿ ಈ ಭಾಗದ ಗಾಡಿಗೆ ಎದುರಾಗುವ ತೊಂದರೆ ಮುಖ್ಯವಾಗಿ ನಾಲ್ಕು: ಹೂತುಕೊಳ್ಳುವುದು, ಪಂಕ್ಚರ್, ಹಳ್ಳದ ನೀರು ಮತ್ತು ಬಿಸಿಲು. ಕೊಳ್ಳುವ ಪ್ರತಿ ವಸ್ತುವೂ ಇವುಗಳಲ್ಲಿ ಒಂದಕ್ಕಾದರೂ ಉತ್ತರವಾಗಿರಬೇಕು.

ನಿಜಕ್ಕೂ ಕೆಲಸಕ್ಕೆ ಬರುವ ವಸ್ತುಗಳು

1. ಗಾಳಿ ಗೇಜ್ ಮತ್ತು ಏರ್ ಕಂಪ್ರೆಸರ್

ಸಡಿಲ ನೆಲದಲ್ಲಿ ಹಿಡಿತ ಹೆಚ್ಚಿಸುವ ಅತಿ ಅಗ್ಗದ ಉಪಾಯ ಟಯರಿನ ಗಾಳಿ ಇಳಿಸುವುದು. ಸ್ಥೂಲವಾಗಿ ಲೆಕ್ಕ ಹಾಕಿ ನೋಡೋಣ. ಒಂದು ಚಕ್ರದ ಮೇಲೆ 450 ಕಿಲೊ ಭಾರ ಇದೆ ಎಂದುಕೊಳ್ಳಿ. ಗಾಳಿ 32 ಪಿಎಸ್‌ಐ ಇದ್ದಾಗ ಪ್ರತಿ ಚದರ ಸೆಂ.ಮೀ.ಗೆ ಸುಮಾರು 2.25 ಕಿಲೊ ಒತ್ತಡ, ಅಂದರೆ ಟಯರ್ ನೆಲಕ್ಕೆ ತಾಗುವ ಜಾಗ ಸುಮಾರು 200 ಚದರ ಸೆಂ.ಮೀ. ಗಾಳಿಯನ್ನು 20 ಪಿಎಸ್‌ಐಗೆ ಇಳಿಸಿದರೆ ಅದೇ ಭಾರಕ್ಕೆ ಸುಮಾರು 320 ಚದರ ಸೆಂ.ಮೀ. ಜಾಗ ಬೇಕಾಗುತ್ತದೆ. ಟಯರ್ ಅಗಲಕ್ಕಿಂತ ಉದ್ದಕ್ಕೆ ಹೆಚ್ಚು ಹರಡಿಕೊಂಡು, ಮಣ್ಣಿನಲ್ಲಿ ಇಳಿಯುವುದು ಕಡಿಮೆಯಾಗುತ್ತದೆ. ಟಯರಿನ ಗಟ್ಟಿತನದಿಂದ ಈ ಅಂಕಿ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ, ತತ್ವ ಮಾತ್ರ ಅದೇ.

ಮಣ್ಣಿನ ದಾರಿಗೆ ಸಾಮಾನ್ಯವಾಗಿ 18ರಿಂದ 22 ಪಿಎಸ್‌ಐ ಸಾಕು. ಇನ್ನೂ ಇಳಿಸಿದರೆ ತಿರುವಿನಲ್ಲಿ ಟಯರ್ ರಿಮ್ಮಿನಿಂದ ಕಳಚುವ ಭಯವಿದೆ. ಗಾಳಿ ಇಳಿಸಿದ ಮೇಲೆ ನಿಧಾನವಾಗಿಯೇ ಓಡಿಸಬೇಕು, ಡಾಂಬರು ರಸ್ತೆ ಸಿಕ್ಕ ಕೂಡಲೇ ಮತ್ತೆ ತುಂಬಬೇಕು. ಕಂಪ್ರೆಸರ್ ಬೇಕಾಗುವುದು ಇಲ್ಲಿಯೇ. ಮಣ್ಣಿನ ದಾರಿಯಿಂದ ಬಂದು ಹಾಗೆಯೇ 65ನೇ ರಾಷ್ಟ್ರೀಯ ಹೆದ್ದಾರಿ ಹತ್ತಿ ಹೈದರಾಬಾದ್ ಕಡೆ ವೇಗವಾಗಿ ಹೊರಟರೆ, ಗಾಳಿ ಕಡಿಮೆಯಿರುವ ಟಯರ್ ಪ್ರತಿ ಸುತ್ತಿಗೂ ಬಾಗಿ ಬಾಗಿ ಬಿಸಿಯಾಗಿ ಒಡೆಯಬಹುದು.

ಕೊಳ್ಳುವಾಗ ನೋಡಬೇಕಾದದ್ದು: ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಕಂಪ್ರೆಸರ್ ಸಣ್ಣದಿರಬೇಕು. ಆ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10ರಿಂದ 15 ಆಂಪಿಯರ್‌ನದು. ದೊಡ್ಡ ಕಂಪ್ರೆಸರ್ ಆದರೆ ಬ್ಯಾಟರಿಗೆ ನೇರವಾಗಿ ಕ್ಲಿಪ್ ಹಾಕುವಂಥದ್ದು ಬೇಕು. ಗೇಜ್ ಬೇರೆಯೇ ಇರಲಿ, ಅಗ್ಗದ ಕಂಪ್ರೆಸರಿನ ಮುಳ್ಳನ್ನು ಪೂರ್ತಿ ನಂಬುವ ಹಾಗಿಲ್ಲ.

2. ಪಂಕ್ಚರ್ ಕಿಟ್ ಮತ್ತು ಸುಸ್ಥಿತಿಯ ಸ್ಟೆಪ್ನಿ

ಟ್ಯೂಬ್‌ಲೆಸ್ ಟಯರಿಗೆ ಜಾಲಿ ಮುಳ್ಳು ಚುಚ್ಚಿದರೆ ಚಕ್ರ ಬಿಚ್ಚದೆಯೇ ರಬ್ಬರ್ ಪಟ್ಟಿ ತುರುಕಿ ತೂತು ಮುಚ್ಚಬಹುದು. ಕಂಪ್ರೆಸರ್ ಜೊತೆಗಿದ್ದರೆ ಇಡೀ ಕೆಲಸ ಕಾಲು ತಾಸಿನದು. ಆದರೆ ಇದು ಟಯರಿನ ನೆಲ ಮುಟ್ಟುವ ಭಾಗಕ್ಕೆ ಮಾತ್ರ. ಪಕ್ಕದ ಗೋಡೆ ಹರಿದರೆ ಪಟ್ಟಿ ನಿಲ್ಲುವುದಿಲ್ಲ, ಆಗ ಸ್ಟೆಪ್ನಿಯೇ ಗತಿ. ಸ್ಟೆಪ್ನಿಯ ಗಾಳಿಯನ್ನೂ ತಿಂಗಳಿಗೊಮ್ಮೆ ನೋಡಿ. ಜಾಕ್ ಜೊತೆಗೆ ಒಂದಡಿ ಚದರದ ದಪ್ಪ ಹಲಗೆ ಇಟ್ಟುಕೊಳ್ಳಿ. ಹಲಗೆ ಇಲ್ಲದಿದ್ದರೆ ಎರೆಮಣ್ಣಿನಲ್ಲಿ ಗಾಡಿ ಮೇಲೇಳುವ ಬದಲು ಜಾಕೇ ಒಳಗೆ ಇಳಿಯುತ್ತದೆ.

3. ಎಳೆಯುವ ಪಟ್ಟಿ ಮತ್ತು ಸರಿಯಾದ ಕೊಂಡಿ

ಹೂತ ಗಾಡಿಯನ್ನು ಈ ಭಾಗದಲ್ಲಿ ಹೊರಗೆಳೆಯುವುದು ಹೆಚ್ಚಾಗಿ ಟ್ರ್ಯಾಕ್ಟರ್. ಕಬ್ಬು, ಸೋಯಾ, ತೊಗರಿಯ ಊರುಗಳಲ್ಲಿ ಅದಕ್ಕೆ ಕೊರತೆಯಿಲ್ಲ. ಆದ್ದರಿಂದ ಭಾರಿ ಬೆಲೆಯ ವಿಂಚ್‌ಗಿಂತ ಒಳ್ಳೆಯ ಪಟ್ಟಿ ಇಲ್ಲಿ ಹೆಚ್ಚು ಉಪಯೋಗಿ. ವಿಂಚ್ ಕೆಲಸ ಮಾಡಲು ಎದುರಿಗೆ ಗಟ್ಟಿ ಮರ ಅಥವಾ ಬಂಡೆ ಬೇಕು, ಬಯಲು ಹೊಲದಲ್ಲಿ ಅದನ್ನು ಹುಡುಕುವುದು ಎಲ್ಲಿ? ಮೇಲಾಗಿ ವಿಂಚ್ ಮತ್ತು ಅದರ ಬಂಪರಿನ ಭಾರವನ್ನು ವರ್ಷವಿಡೀ ಗಾಡಿಯ ಮೂತಿ ಹೊರಬೇಕು.

ಪಟ್ಟಿಯಲ್ಲಿ ಎರಡು ಬಗೆ. ಒಂದು ಹಿಗ್ಗದ ಚಪ್ಪಟೆ ಪಟ್ಟಿ, ಟ್ರ್ಯಾಕ್ಟರಿನಿಂದ ನಿಧಾನವಾಗಿ ಎಳೆಯಲು ಇದು ಸರಿ. ಇನ್ನೊಂದು ಹಿಗ್ಗುವ ಕೈನೆಟಿಕ್ ಹಗ್ಗ, ಇನ್ನೊಂದು ಗಾಡಿ ಸ್ವಲ್ಪ ಓಡಿ ಬಂದು ಎಳೆಯಲು ಬಳಸುವಂಥದ್ದು. ಇದನ್ನು ಕಲಿತವರು ಮಾತ್ರ ಬಳಸಬೇಕು. ಯಾವುದೇ ಆದರೂ ಗಾಡಿಯ ಒಟ್ಟು ತೂಕದ ಎರಡು ಮೂರು ಪಟ್ಟು ತಾಳುವಂತಿರಲಿ. ಜನ ಮತ್ತು ಸಾಮಾನು ಸೇರಿ 2.2 ಟನ್ ಆಗುವ ಗಾಡಿಗೆ 6ರಿಂದ 7 ಟನ್ ತಾಳುವ ಪಟ್ಟಿ ಎಂದು ಲೆಕ್ಕ ಇಟ್ಟುಕೊಳ್ಳಿ.

ಇಲ್ಲಿ ಜೀವದ ಪ್ರಶ್ನೆಯೂ ಇದೆ. ಕಬ್ಬಿಣದ ಸರಪಳಿ ಹಿಗ್ಗುವುದಿಲ್ಲ. ಟ್ರ್ಯಾಕ್ಟರ್ ಜಗ್ಗಿದ ಕ್ಷಣ ಕೊಂಡಿಯೊಂದು ಕಿತ್ತುಬಂದರೆ ಅದು ಗುಂಡಿನಂತೆ ಹಾರುತ್ತದೆ. ಟ್ರೈಲರ್ ಕಟ್ಟುವ ಗುಂಡು, ಬಂಪರ್, ಸಸ್ಪೆನ್ಶನ್ ಭಾಗಗಳಿಗೆ ಹಗ್ಗ ಕಟ್ಟಲೇಬಾರದು. ಟ್ರೈಲರ್ ಗುಂಡು ಕಿತ್ತು ಹಾರಿ ಜನ ಸತ್ತ ಘಟನೆಗಳು ಬೇರೆ ದೇಶಗಳಲ್ಲಿ ನಡೆದಿವೆ. ಕಂಪನಿಯೇ ಕೊಟ್ಟಿರುವ ಟೋ ಹುಕ್ ಎಲ್ಲಿದೆ ಎಂದು ಇವತ್ತೇ ಗಾಡಿಯ ಕೈಪಿಡಿಯಲ್ಲಿ ನೋಡಿಕೊಳ್ಳಿ. ಹಲವು ಗಾಡಿಗಳಲ್ಲಿ ಅದು ತಿರುಪಿನ ಕೊಂಡಿಯಾಗಿ ಜಾಕಿನ ಚೀಲದಲ್ಲಿ ಇರುತ್ತದೆ. ಎಳೆಯುವಾಗ ಹಗ್ಗದ ನಡುವೆ ಒದ್ದೆ ಗೋಣಿಚೀಲ ಅಥವಾ ಕಂಬಳಿ ಹಾಕಿ, ತುಂಡಾದರೂ ಹಗ್ಗದ ರಭಸ ಅಷ್ಟು ಕಡಿಮೆಯಾಗುತ್ತದೆ. ನೋಡಲು ನಿಂತ ಮಕ್ಕಳನ್ನೂ ಮೊಬೈಲ್ ಹಿಡಿದವರನ್ನೂ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ ಕಳಿಸಿ.

4. ಸಲಿಕೆ ಮತ್ತು ರಿಕವರಿ ಬೋರ್ಡ್

ಚಕ್ರ ಹೂತಾಗ ಆಕ್ಸಿಲರೇಟರ್ ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಇಳಿದು ಚಕ್ರದ ಮುಂದಿನ ಮಣ್ಣನ್ನು ಇಳಿಜಾರಾಗಿ ತೆಗೆದು, ಗಾಳಿ ಇಳಿಸಿ, ಚಕ್ರದ ಕೆಳಗೆ ಏನಾದರೂ ಒರಟಾದದ್ದನ್ನು ಕೊಟ್ಟರೆ ಎಷ್ಟೋ ಸಲ ಯಾರ ಸಹಾಯವೂ ಬೇಕಾಗುವುದಿಲ್ಲ. ಪ್ಲಾಸ್ಟಿಕ್ ರಿಕವರಿ ಬೋರ್ಡ್ ಇದಕ್ಕೇ ಇರುವುದು. ಪದೇ ಪದೇ ಇಂಥ ದಾರಿಯಲ್ಲಿ ಹೋಗುವವರಿಗೆ ಅದು ಸರಿ. ಅಪರೂಪಕ್ಕೆ ಹೋಗುವವರಿಗೆ ಎರಡು ಗೋಣಿಚೀಲ, ಸುತ್ತಲಿನ ಚಪ್ಪಟೆ ಕಲ್ಲು ಸಾಕಾಗಬಹುದು. ಸಲಿಕೆ ಮಾತ್ರ ಇರಲೇಬೇಕು. ಮಡಚುವ ಆಟಿಕೆಯಂಥದ್ದು ಬೇಡ, ಹೊಲದಲ್ಲಿ ಬಳಸುವ ಗಿಡ್ಡ ಹಿಡಿಕೆಯ ಸಲಿಕೆಯೇ ಇರಲಿ.

5. ಬೆಂಕಿ, ಗಾಯ, ಕತ್ತಲು

ಒಂದು ಕಿಲೊದ ಎಬಿಸಿ ಪೌಡರ್ ಸಿಲಿಂಡರ್ ಚಾಲಕನ ಕೈಗೆ ಸಿಗುವ ಜಾಗದಲ್ಲಿ ಇರಲಿ. ಅದರ ಮೇಲೆ ಐಎಸ್‌ಐ ಗುರುತು ಮತ್ತು ಒತ್ತಡದ ಮುಳ್ಳು ಹಸಿರಿನಲ್ಲಿ ಇದೆಯೇ ನೋಡಿ. ಹೊಸ ಗಾಡಿಯ ಜೊತೆ ಬರುವ ಪ್ರಥಮ ಚಿಕಿತ್ಸೆ ಪೆಟ್ಟಿಗೆ ಮತ್ತು ಕೆಂಪು ತ್ರಿಕೋನವನ್ನು ಮನೆಯಲ್ಲಿ ಇಡಬೇಡಿ, ಗಾಡಿಯಲ್ಲೇ ಇಡಿ. ಬಿಸಿಲಿನಲ್ಲಿ ನಿಂತ ಗಾಡಿಯೊಳಗೆ ಔಷಧ, ಮುಲಾಮು ಬೇಗ ಕೆಡುತ್ತವೆ, ಆರು ತಿಂಗಳಿಗೊಮ್ಮೆ ಬದಲಿಸಿ. ತಲೆಗೆ ಕಟ್ಟುವ ಟಾರ್ಚ್ ಇದ್ದರೆ ಎರಡೂ ಕೈ ಕೆಲಸಕ್ಕೆ ಸಿಗುತ್ತವೆ. ಬೇಸಿಗೆಯಲ್ಲಿ ಒಬ್ಬರಿಗೆ ಕನಿಷ್ಠ ನಾಲ್ಕು ಲೀಟರ್ ಕುಡಿಯುವ ನೀರು ಇಟ್ಟುಕೊಳ್ಳಿ.

6. ನಿಮ್ಮ ಕೈಯಲ್ಲಿರುವ ಫೋನ್

ಹೊರಡುವ ಮೊದಲು ಆ ಪ್ರದೇಶದ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಏಕೆಂದರೆ ಅದು ಉಪಗ್ರಹದಿಂದ ಬರುವ ಸಂಕೇತ. ಈ ನಂಬರುಗಳು ನೆನಪಿರಲಿ: ತುರ್ತು ಸಹಾಯಕ್ಕೆ 112, ಆಂಬುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033.

ಫಾರ್ವರ್ಡ್ ಮಾತುಗಳು: ನಿಜವೆಷ್ಟು?

ಮಾತು: "ಸ್ನಾರ್ಕಲ್ ಇದ್ದರೆ ಹರಿಯುವ ಹಳ್ಳ ದಾಟಬಹುದು."

ನಿಜ: ಸ್ನಾರ್ಕಲ್ ಮಾಡುವುದು ಒಂದೇ ಕೆಲಸ. ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಯನ್ನು ಮೇಲಕ್ಕೆ ಒಯ್ಯುತ್ತದೆ. ಎಂಜಿನ್ ಒಳಗೆ ನೀರು ಹೋದರೆ ಪಿಸ್ಟನ್ ಅದನ್ನು ಗಾಳಿಯಂತೆ ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಅದನ್ನು ತಪ್ಪಿಸಲು ಸ್ನಾರ್ಕಲ್ ನೆರವಾಗುತ್ತದೆ. ಆದರೆ ಗಾಡಿ ತೇಲುವುದನ್ನು ಅದು ತಡೆಯಲಾರದು.

ಲೆಕ್ಕ ನೋಡಿ. 4 ಮೀಟರ್ ಉದ್ದ, 1.8 ಮೀಟರ್ ಅಗಲದ ಗಾಡಿಯ ತಳ ಸುಮಾರು 7 ಚದರ ಮೀಟರ್. ನೀರು ಗಾಡಿಯ ತಳಕ್ಕಿಂತ 10 ಸೆಂ.ಮೀ. ಮೇಲೇರಿದರೆ ಸುಮಾರು 700 ಕಿಲೊದಷ್ಟು ಮೇಲ್ಮುಖ ಒತ್ತಡ ಬೀಳುತ್ತದೆ. ಗಾಡಿಯ ತೂಕ 1,750 ಕಿಲೊ ಎಂದರೆ, ಒಳಗೆ ನೀರು ನುಗ್ಗದಿದ್ದಲ್ಲಿ, 25 ಸೆಂ.ಮೀ. ಏರಿದ ನೀರು ಅದನ್ನು ಎತ್ತಿಬಿಡುತ್ತದೆ. ಬಾಗಿಲ ಸಂದಿನಿಂದ ನೀರು ನುಗ್ಗುವುದರಿಂದ ಪೂರ್ತಿ ತೇಲಲು ಸ್ವಲ್ಪ ತಡವಾಗಬಹುದು, ಆದರೆ ಚಕ್ರದ ಹಿಡಿತ ಅದಕ್ಕೂ ಮೊದಲೇ ಹೋಗಿರುತ್ತದೆ. ಜೊತೆಗೆ ನೀರಿನ ಪಕ್ಕದ ತಳ್ಳುವಿಕೆ ಬೇರೆ. ಹರಿವಿನ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಎರಡು ಅಡಿ ಹರಿಯುವ ನೀರು ಎಸ್‌ಯುವಿ, ಪಿಕಪ್‌ಗಳನ್ನೂ ಕೊಚ್ಚಿಕೊಂಡು ಹೋಗಬಲ್ಲದು ಎಂದು ಅಮೆರಿಕದ ಹವಾಮಾನ ಇಲಾಖೆ ವರ್ಷ ವರ್ಷ ಎಚ್ಚರಿಸುತ್ತದೆ.

ಹಾಗಾದರೆ ಥಾರ್ ಗಾಡಿಗೆ ಕಂಪನಿಯೇ 650 ಮಿ.ಮೀ. ನೀರು ದಾಟುವ ಸಾಮರ್ಥ್ಯ ಹೇಳಿದೆಯಲ್ಲ? ಅಂಥ ಅಂಕಿಗಳು ನಿಂತ ನೀರಿಗೆ, ಗಟ್ಟಿ ತಳಕ್ಕೆ, ನಿಧಾನ ಓಟಕ್ಕೆ ಸಂಬಂಧಿಸಿದವು. ತುಂಬಿ ಹರಿಯುವ ಹಳ್ಳದಲ್ಲಿ ಕೆಳಗೆ ಸೇತುವೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ಮೇಲಿನಿಂದ ಕಾಣುವುದಿಲ್ಲ. ನೀರು ಇಳಿಯುವ ತನಕ ಕಾಯುವುದು, ಇಲ್ಲವೇ ಬೇರೆ ದಾರಿ ಹಿಡಿಯುವುದು, ಇವೆರಡೇ ಸುರಕ್ಷಿತ. ನಿಂತ ನೀರಿನಲ್ಲಿ ಎಂಜಿನ್ ಬಂದ್ ಬಿದ್ದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಹಾಗೆ ಮಾಡಿ ಹಾಳಾದ ಎಂಜಿನ್ನಿಗೆ ಸಾಮಾನ್ಯ ವಿಮೆಯಲ್ಲಿ ಪರಿಹಾರ ಸಿಗುವುದು ಕಷ್ಟ, ಅದಕ್ಕೆ ಎಂಜಿನ್ ರಕ್ಷಣೆಯ ಪ್ರತ್ಯೇಕ ಆ್ಯಡ್-ಆನ್ ಇರುತ್ತದೆ. ಸ್ನಾರ್ಕಲ್‌ಗಿಂತ ಮೊದಲು ವಿಚಾರಿಸಬೇಕಾದದ್ದು ಅದನ್ನು.

ಮಾತು: "ಬುಲ್ ಗಾರ್ಡ್ ಹಾಕಿದರೆ ಒಳಗಿದ್ದವರು ಸುರಕ್ಷಿತ."

ನಿಜ: ಕಾರಿನ ಮುಂಭಾಗ ನಜ್ಜುಗುಜ್ಜಾಗುವುದು ದೋಷವಲ್ಲ, ಅದನ್ನು ಹಾಗೆಯೇ ವಿನ್ಯಾಸ ಮಾಡಿರುತ್ತಾರೆ. ತಗಡು ಮಡಚಿಕೊಳ್ಳುತ್ತಾ ಡಿಕ್ಕಿಯ ಹೊಡೆತವನ್ನು ಹೀರಿಕೊಳ್ಳುತ್ತದೆ. ಗಟ್ಟಿ ಕಬ್ಬಿಣದ ಗಾರ್ಡನ್ನು ಚಾಸಿಗೆ ಬಿಗಿದರೆ ಆ ಹೊಡೆತ ನೇರವಾಗಿ ಚಾಸಿಗೆ, ಅಲ್ಲಿಂದ ಒಳಗಿದ್ದವರಿಗೆ ತಲುಪುತ್ತದೆ. ಏರ್‌ಬ್ಯಾಗ್ ತೆರೆಯುವ ಸಮಯವೂ ಏರುಪೇರಾಗಬಹುದು. ಸಣ್ಣ ತಾಕುವಿಕೆಯಲ್ಲಿ ಗಾರ್ಡ್ ಬಂಪರಿನ ಬಣ್ಣ ಉಳಿಸುತ್ತದೆ ಎನ್ನುವುದು ನಿಜ. ಆದರೆ ಎದುರಿಗೆ ನಡೆದುಕೊಂಡು ಬರುವವರಿಗೆ, ಬೈಕಿನವರಿಗೆ ಅದು ಕಬ್ಬಿಣದ ಸರಳು. ದತ್ತ ಜಯಂತಿಯ ಜಾತ್ರೆಗೆ ಜನ ಸೇರುವ ಮಾಣಿಕನಗರದ ದಾರಿಯಲ್ಲಿ ಅಂಥ ಗಾಡಿ ನಿಧಾನವಾಗಿ ತಾಗಿದರೂ ಗಾಯ ದೊಡ್ಡದಾಗುತ್ತದೆ.

ಮಾತು: "ಹಳದಿ ಲೈಟ್ ಬಾರ್ ಮಂಜನ್ನು ಸೀಳಿಕೊಂಡು ಹೋಗುತ್ತದೆ."

ನಿಜ: ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡವು. ಹೀಗಾಗಿ ಹಳದಿ, ಬಿಳಿ ಎರಡನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚೆದುರಿಸುತ್ತವೆ. ಮಂಜಿನಲ್ಲಿ ಮುಖ್ಯವಾದದ್ದು ಬೆಳಕು ಕೆಳಮಟ್ಟದಿಂದ, ಅಗಲವಾಗಿ, ಮೇಲಕ್ಕೆ ಹಾರದಂತೆ ಬೀಳುವುದು. ಗಾಡಿಯ ತಲೆಯ ಮೇಲಿನ ಲೈಟ್ ಬಾರ್ ಮಾಡುವುದು ಇದಕ್ಕೆ ತದ್ವಿರುದ್ಧ. ಬೆಳಕು ಮಂಜಿಗೋ ಧೂಳಿಗೋ ಬಡಿದು ನಿಮ್ಮ ಕಣ್ಣಿಗೇ ವಾಪಸು ಬರುತ್ತದೆ. ಎದುರಿನ ಟ್ರ್ಯಾಕ್ಟರ್ ಚಾಲಕನಿಗೆ ಕ್ಷಣಕಾಲ ಏನೂ ಕಾಣುವುದಿಲ್ಲ.

ವೈರಿಂಗ್ ಅಪಾಯ ಬೇರೆ. 120 ವ್ಯಾಟ್‌ನ ಬಾರ್ 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತದೆ. ರಿಲೇ, ಫ್ಯೂಸ್ ಇಲ್ಲದೆ ತೆಳು ವೈರಿನಿಂದ ಜೋಡಿಸಿದರೆ ವೈರ್ ಕಾದು ಹೊತ್ತಿಕೊಳ್ಳಬಹುದು. ಕತ್ತಲಲ್ಲಿ ಸರಿಯಾಗಿ ಕಾಣುತ್ತಿಲ್ಲವೇ? ಮೊದಲು ಹೆಡ್‌ಲೈಟ್ ಗಾಜು ಒರೆಸಿ, ಅದರ ಎತ್ತರ ಸರಿಮಾಡಿಸಿ. ಅರ್ಧ ದೂರು ಅಲ್ಲಿಗೇ ಮುಗಿಯುತ್ತದೆ.

ಮಾತು: "ಟಯರ್ ದೊಡ್ಡದಾದಷ್ಟೂ ಒಳ್ಳೆಯದು."

ನಿಜ: ಟಯರಿನ ವ್ಯಾಸ ಶೇ 5ರಷ್ಟು ಹೆಚ್ಚಾದರೆ ಸ್ಪೀಡೊಮೀಟರ್ 80 ತೋರಿಸುವಾಗ ನಿಜ ವೇಗ 84 ಆಗಿರುತ್ತದೆ. ಭಾರದ ಚಕ್ರ ತಿರುಗಿಸಲು ಇಂಧನ ಹೆಚ್ಚು ಬೇಕು, ನಿಲ್ಲಿಸಲು ಬ್ರೇಕಿಗೆ ಶ್ರಮ ಹೆಚ್ಚು, ತಿರುಗಿಸುವಾಗ ಮಡ್‌ಗಾರ್ಡಿಗೆ ಉಜ್ಜುತ್ತದೆ. ಬದಲಿಗೆ ಕಂಪನಿಯೇ ಸೂಚಿಸಿದ ಅಳತೆಯಲ್ಲಿ ಆಲ್-ಟೆರೇನ್ ಟಯರ್ ಹಾಕಿಸಿ. ದೊಡ್ಡ ಹಲ್ಲಿನ ಮಡ್ ಟಯರ್ ಕೆಸರಿನಲ್ಲಿ ಮಣ್ಣನ್ನು ಚೆನ್ನಾಗಿ ಉದುರಿಸುತ್ತದೆ. ಆದರೆ ಒದ್ದೆ ಡಾಂಬರಿನಲ್ಲಿ ಅದರ ಹಿಡಿತ ಕಡಿಮೆ, ಸದ್ದು ಹೆಚ್ಚು. ನೂರರಲ್ಲಿ ತೊಂಬತ್ತು ಕಿ.ಮೀ. ಡಾಂಬರಿನಲ್ಲೇ ಓಡಿಸುವವರಿಗೆ ಅದು ಸರಿಯಾದ ಆಯ್ಕೆಯಲ್ಲ.

ಮಾತು: "ಬೇಸಿಗೆಯಲ್ಲಿ ಗಾಳಿ ಕಡಿಮೆ ಹಾಕಿಸಿ, ಇಲ್ಲದಿದ್ದರೆ ಟಯರ್ ಸಿಡಿಯುತ್ತದೆ."

ನಿಜ: ಇದು ತಲೆಕೆಳಗಾದ ಸಲಹೆ. ಟಯರ್ ಸಿಡಿಯಲು ದೊಡ್ಡ ಕಾರಣವೇ ಕಡಿಮೆ ಗಾಳಿ ಮತ್ತು ಅತಿಭಾರ. ಬಿಸಿಯಾದಾಗ ಪ್ರತಿ 5-6 ಡಿಗ್ರಿಗೆ ಸುಮಾರು 1 ಪಿಎಸ್‌ಐ ಏರುತ್ತದೆ, ಅದನ್ನು ಲೆಕ್ಕ ಹಿಡಿದೇ ಟಯರ್ ತಯಾರಾಗಿರುತ್ತದೆ. ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಬರೆದಷ್ಟನ್ನು ಬೆಳಗಿನ ತಂಪಿನಲ್ಲಿ, ಗಾಡಿ ಓಡಿಸುವ ಮೊದಲು ತುಂಬಿಸಿ.

ಮಾತು: "ಮೇಲೆ ಕ್ಯಾರಿಯರ್, ಅದರಲ್ಲಿ ಎರಡು ಕ್ಯಾನ್ ಪೆಟ್ರೋಲ್ ಇರಲಿ."

ನಿಜ: ಹೆದ್ದಾರಿಯ ಉದ್ದಕ್ಕೂ ಪೆಟ್ರೋಲ್ ಬಂಕುಗಳಿರುವ ಹುಮನಾಬಾದದಂಥ ಕಡೆ ಕ್ಯಾನಿನ ಅಗತ್ಯವೇ ಇಲ್ಲ. ಗಾಡಿಯ ಮೇಲೆ ಭಾರ ಹೇರಿದಷ್ಟೂ ಗುರುತ್ವ ಕೇಂದ್ರ ಮೇಲೇರಿ ತಿರುವಿನಲ್ಲಿ ಮಗುಚುವ ಸಾಧ್ಯತೆ ಹೆಚ್ಚು. ಬಿಸಿಲಿಗೆ ಕಾದ ಪ್ಲಾಸ್ಟಿಕ್ ಕ್ಯಾನಿನಿಂದ ಆವಿ ಸೋರಿದರೆ ಒಂದು ಕಿಡಿ ಸಾಕು. ಕ್ಯಾರಿಯರ್ ಬೇಕೇ ಬೇಕೆಂದರೆ ಹಗುರ ಸಾಮಾನು ಮಾತ್ರ ಮೇಲಿಡಿ, ಕೈಪಿಡಿಯಲ್ಲಿ ಬರೆದ ಮಿತಿ ದಾಟಬೇಡಿ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ನೋಂದಣಿಯಲ್ಲಿರುವ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಗಾರ್ಡ್, ಕ್ರ್ಯಾಶ್ ಗಾರ್ಡ್‌ಗಳು ಈ ಸೆಕ್ಷನ್ನಿನ ಉಲ್ಲಂಘನೆ ಎಂದು ತಿಳಿಸಿ, ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಪತ್ರ ಬರೆಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡಿಗೆ ಅವಕಾಶವಿಲ್ಲ ಎಂದಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕರಿಗೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಅಂಗಡಿಯಲ್ಲಿ ಬಹಿರಂಗವಾಗಿ ಮಾರುತ್ತಾರೆ ಎಂದ ಮಾತ್ರಕ್ಕೆ ಅದು ಕಾನೂನುಬದ್ಧ ಎಂದಲ್ಲ. ಡಿಕ್ಕಿಯಲ್ಲಿ ಇಡುವ ಸಲಿಕೆ, ಪಟ್ಟಿ, ಕಂಪ್ರೆಸರ್‌ಗಳಿಗೆ ಯಾವ ಅಡ್ಡಿಯೂ ಇಲ್ಲ. ಗಾಡಿಗೆ ಬೋಲ್ಟ್ ಹಾಕಿ ಬಿಗಿಯುವ ವಸ್ತುವಿಗೆ ಮಾತ್ರ ಕೇಳಿ ಮುಂದುವರಿಯಿರಿ.

ಎಲ್ಲಿ ಓಡಿಸುತ್ತೀರಿ ಎಂಬುದೂ ಮುಖ್ಯ. ಪಕ್ಕದ ಚಿಂಚೋಳಿ ವನ್ಯಜೀವಿ ಧಾಮದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವುದು ಅಪರಾಧ. ಬಸವಕಲ್ಯಾಣದ ಕೋಟೆ, ಜಲಸಂಗ್ವಿಯ ಚಾಲುಕ್ಯರ ಕಾಲದ ದೇವಾಲಯದಂಥ ಜಾಗಗಳಲ್ಲಿ ಗಾಡಿ ದೂರ ನಿಲ್ಲಿಸಿ ನಡೆದು ಹೋಗಿ. ಬಿತ್ತಿದ ಹೊಲ ರೈತರ ಅನ್ನ. ಒದ್ದೆ ಎರೆಮಣ್ಣಿನ ಮೇಲೆ ಗಾಡಿ ಹೋದರೆ ಮಣ್ಣು ಅಮುಕಿಹೋಗಿ, ನೀರು ಇಳಿಯದೆ, ಬೇರು ಬಿಡಲು ಕಷ್ಟವಾಗುತ್ತದೆ.

ಕೊಳ್ಳುವ ಮೊದಲು ಐದು ಪ್ರಶ್ನೆ

1. ನನ್ನ ದಾರಿಯ ಯಾವ ತೊಂದರೆಗೆ ಇದು ಉತ್ತರ? ಹೇಳಲು ಬಾರದಿದ್ದರೆ ಬೇಡ.
2. ಇದನ್ನು ಬಳಸಲು ನನಗೆ ಬರುತ್ತದೆಯೇ? ಮನೆಯ ಮುಂದೆ ಒಮ್ಮೆ ಅಭ್ಯಾಸ ಮಾಡಿದ್ದೇನೆಯೇ?
3. ಇದರ ತೂಕವೆಷ್ಟು? ಗಾಡಿ ಹೊರಬಲ್ಲ ಒಟ್ಟು ಭಾರದಲ್ಲಿ ಜನರಿಗೆ ಎಷ್ಟು ಉಳಿಯುತ್ತದೆ?
4. ವಾರಂಟಿ, ವಿಮೆಗೆ ಇದರಿಂದ ತಕರಾರು ಬರುತ್ತದೆಯೇ? ಬಿಗಿದ ವಸ್ತುಗಳನ್ನು ಪಾಲಿಸಿಯಲ್ಲಿ ನಮೂದಿಸಿದ್ದೇನೆಯೇ?
5. ಏರ್‌ಬ್ಯಾಗಿಗೆ ಅಡ್ಡಿಯಾಗುತ್ತದೆಯೇ? ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಗಾಡಿಗೆ ಸಾದಾ ಸೀಟ್ ಕವರ್ ಹಾಕಿಸಿದರೆ ಅದು ತೆರೆಯುವ ಜಾಗವೇ ಮುಚ್ಚಿಹೋಗುತ್ತದೆ.

ಹಂಚಿಕೊಳ್ಳಲು ಇಷ್ಟು ಸಾಕು

• ಬುಲ್ ಗಾರ್ಡಿನ ದುಡ್ಡಿಗೆ ಕಂಪ್ರೆಸರ್, ಗೇಜ್, ಪಂಕ್ಚರ್ ಕಿಟ್ ತೆಗೆದುಕೊಳ್ಳಿ.
• ಕೆಸರಿನಲ್ಲಿ ಗಾಳಿ ಇಳಿಸಿ, ಹೆದ್ದಾರಿ ಹತ್ತುವ ಮೊದಲು ತುಂಬಿಸಿ.
• ಸರಪಳಿ ಬೇಡ, ಪಟ್ಟಿ ಇರಲಿ. ಕಂಪನಿ ಕೊಟ್ಟ ಟೋ ಹುಕ್ಕಿಗೇ ಕಟ್ಟಿ, ಜನರನ್ನು ದೂರ ಸರಿಸಿ.
• ಎರೆಹೊಲ ಒದ್ದೆಯಿದ್ದರೆ ಒಂದು ದಿನ ತಡೆಯಿರಿ.
• ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಗಾಡಿ ಯಾವುದೇ ಇರಲಿ, ಅದಕ್ಕೆ ಏನೇ ಹಾಕಿಸಿರಲಿ, ಹಿಂದಕ್ಕೆ ತಿರುಗಿಸಿ.